ಪುಟ್ಟ ವಾದ್ಯದ ಒಂದು ತಾಳ

ಜಪಾನಿನ ಕ್ಯಾಸಿಯೊ ಸಂಸ್ಥೆ 1981ರಲ್ಲಿ ಎಂಟಿ-40 ಎಂಬ ಪುಟ್ಟ ಎಲೆಕ್ಟ್ರಾನಿಕ್ ಕೀಬೋರ್ಡನ್ನು ಹೊರತಂದಿತು. ಮನೆಯಲ್ಲಿ ಹವ್ಯಾಸಕ್ಕೆ ನುಡಿಸುವವರಿಗಾಗಿ ಮಾಡಿದ್ದು. ಸ್ವರಕ್ಕೆ 37 ಮನೆ, ಮಂದ್ರಕ್ಕೆ ಬೇರೆ 15. ಗುಂಡಿ ಒತ್ತಿದರೆ ತಾಳವೂ ಮಂದ್ರದ ನಡೆಯೂ ತಾವಾಗಿ ಹೊರಡುತ್ತಿದ್ದವು. ಅವುಗಳಲ್ಲಿ ‘ರಾಕ್’ ಎಂಬುದನ್ನು ರಚಿಸಿದವರು ಆಗತಾನೆ ಕೆಲಸಕ್ಕೆ ಸೇರಿದ್ದ ಹಿರೋಕೊ ಒಕುಡಾ; ಕಾಲೇಜಿನಲ್ಲಿ ಜಮೈಕಾದ ರೆಗೆ ಸಂಗೀತವನ್ನು ಕುರಿತೇ ಪ್ರಬಂಧ ಬರೆದಿದ್ದಾಕೆ. ಹೆಸರು ರಾಕ್, ಉಸಿರು ರೆಗೆ ಎನ್ನೋಣವೆ?

ಆ ವಾದ್ಯವೊಂದು ಜಮೈಕಾದ ನೋಯೆಲ್ ಡೇವಿಯ ಕೈ ಸೇರಿತು. ಆತನೂ ಗಾಯಕ ವೇಯ್ನ್ ಸ್ಮಿತ್ತನೂ ಈ ನಡೆಯನ್ನು ಕಂಡುಕೊಂಡರು. ನಿರ್ಮಾಪಕ ಕಿಂಗ್ ಜ್ಯಾಮಿ ಅದರ ವೇಗವನ್ನು ತಗ್ಗಿಸಿದ. 1985ರಲ್ಲಿ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಹೊರಬಂತು. ಡ್ರಮ್ಮಿನವನಿಲ್ಲ, ಬೇಸ್ ಗಿಟಾರಿನವನೂ ಇಲ್ಲ! ಧ್ವನಿಮುದ್ರಣವನ್ನೇ ನಂಬಿ ಬದುಕಿದ್ದ ಎಷ್ಟೋ ವಾದ್ಯಗಾರರ ಅನ್ನಕ್ಕೆ ಕುತ್ತು ಬಂತು. ಅದೇ ತಾಳದ ಮೇಲೆ ನೂರಾರು ಹಾಡುಗಳು ಹುಟ್ಟಿದವು. ಒಕುಡಾ ಅವರಿಗೆ ಈ ಸುದ್ದಿ ತಿಳಿದದ್ದು ಸಂಗೀತ ಪತ್ರಿಕೆಯೊಂದರಿಂದ.