ಭಂಗಿಜನ್ಯ ತಲೆಸುತ್ತು

ಭಂಗಿಜನ್ಯ ತಲೆಸುತ್ತು ಎಂಬುದು ತಲೆಯ ಭಂಗಿ ಬದಲಾದಾಗ ಸುತ್ತಲಿನ ಜಗತ್ತೇ ತಿರುಗಿದಂತೆ ಕೆಲವು ಕ್ಷಣ ಭಾಸವಾಗುವ ಒಳಕಿವಿಯ ತೊಂದರೆ. ವೈದ್ಯಶಾಸ್ತ್ರದಲ್ಲಿ ಇದನ್ನು ಬಿನೈನ್ ಪ್ಯಾರಾಕ್ಸಿಸ್ಮಲ್ ಪೊಸಿಷನಲ್ ವರ್ಟಿಗೋ ಅಥವಾ ಸಂಕ್ಷಿಪ್ತವಾಗಿ ಬಿಪಿಪಿವಿ ಎನ್ನುತ್ತಾರೆ. ಒಳಕಿವಿಯ ದೋಷದಿಂದ ಬರುವ ತಲೆಸುತ್ತುಗಳಲ್ಲಿ ಇದು ಅತ್ಯಂತ ಸಾಮಾನ್ಯವಾದುದು. 50 ವರ್ಷ ದಾಟಿದವರಲ್ಲಿ, ಅದರಲ್ಲೂ ಸ್ತ್ರೀಯರಲ್ಲಿ, ಹೆಚ್ಚಾಗಿ ಕಂಡುಬರುತ್ತದೆ. ಇದು ಪ್ರಾಣಾಪಾಯದ ರೋಗವಲ್ಲವಾದರೂ ನಡಿಗೆ, ನಿದ್ರೆ ಹಾಗೂ ದೈನಂದಿನ ಕೆಲಸಗಳನ್ನು ಗಣನೀಯವಾಗಿ ಬಾಧಿಸುತ್ತದೆ.

ಕಾರಣ

ದೇಹದ ಸಮತೋಲನವು ಕಣ್ಣು, ಪಾದ ಹಾಗೂ ಕೀಲುಗಳ ಸಂವೇದನೆ ಮತ್ತು ಒಳಕಿವಿ ಎಂಬ ಮೂರು ಮೂಲಗಳಿಂದ ಬರುವ ಸಂಕೇತಗಳನ್ನು ಅವಲಂಬಿಸಿದೆ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳು ತಲೆಯ ತಿರುಗುವಿಕೆಯನ್ನು ಗ್ರಹಿಸುತ್ತವೆ. ಅವುಗಳ ಬುಡದಲ್ಲಿರುವ ಯುಟ್ರಿಕಲ್ ಎಂಬ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟಿನ ಸೂಕ್ಷ್ಮ ಹರಳುಗಳಿರುತ್ತವೆ. ಈ ಹರಳುಗಳು ಕಳಚಿ ನಾಳವೊಂದನ್ನು, ಸಾಮಾನ್ಯವಾಗಿ ಹಿಂಬದಿಯ ನಾಳವನ್ನು, ಸೇರಿದರೆ ತಲೆ ಅಲುಗಿದಾಗ ಜರುಗಿ ದ್ರವವನ್ನು ಕದಡುತ್ತವೆ. ತಲೆ ನಿಶ್ಚಲವಾದ ಮೇಲೂ ಅದು ತಿರುಗುತ್ತಿದೆ ಎಂಬ ತಪ್ಪು ಸಂಕೇತ ಮಿದುಳಿಗೆ ತಲುಪುತ್ತದೆ. ವಯಸ್ಸು, ತಲೆಗೆ ಪೆಟ್ಟು, ಒಳಕಿವಿಯ ಇತರ ರೋಗಗಳು ಹಾಗೂ ದೀರ್ಘಕಾಲ ಹಾಸಿಗೆ ಹಿಡಿದಿರುವುದು ಇದಕ್ಕೆ ಕಾರಣವಾಗಬಹುದು. ಅನೇಕರಲ್ಲಿ ನಿರ್ದಿಷ್ಟ ಕಾರಣ ಸಿಗುವುದಿಲ್ಲ.

ಲಕ್ಷಣಗಳು

ಹಾಸಿಗೆಯಲ್ಲಿ ಮಗ್ಗುಲಾಗುವಾಗ, ಎದ್ದು ಕೂರುವಾಗ, ಬಗ್ಗುವಾಗ ಅಥವಾ ತಲೆಯೆತ್ತಿ ನೋಡುವಾಗ ತಲೆಸುತ್ತು ಹಠಾತ್ತನೆ ಆರಂಭವಾಗಿ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಇಳಿಯುತ್ತದೆ. ವಾಕರಿಕೆ ಇರಬಹುದು. ಕಿವುಡುತನವಾಗಲಿ ಕಿವಿಮೊರೆತವಾಗಲಿ ಇದರ ಲಕ್ಷಣವಲ್ಲ. ಆಡುಮಾತಿನಲ್ಲಿ ಕಣ್ಣು ಕತ್ತಲೆಗಟ್ಟುವುದು, ಆಯ ತಪ್ಪುವುದು, ತಲೆ ತಿರುಗುವುದು ಎಲ್ಲವನ್ನೂ ತಲೆಸುತ್ತು ಎಂದೇ ಕರೆದು, ಪಿತ್ತವೆಂದೋ ರಕ್ತದೊತ್ತಡವೆಂದೋ ಭಾವಿಸುವುದರಿಂದ ಈ ರೋಗ ಗುರುತಿಸಲ್ಪಡದೆ ಉಳಿಯುವುದುಂಟು.

ಜೀವನದ ಗುಣಮಟ್ಟದ ಮೇಲೆ ಪರಿಣಾಮ

ತಲೆಸುತ್ತು ಕ್ಷಣಿಕವಾದರೂ ಅದರ ಭಯ ದಿನವಿಡೀ ಉಳಿಯುತ್ತದೆ. ರೋಗಿಯು ಕತ್ತನ್ನು ಬಿಗಿಹಿಡಿದು ನಡೆಯುತ್ತಾನೆ. ಒಂದೇ ಮಗ್ಗುಲಲ್ಲಿ ಮಲಗುತ್ತಾನೆ. ತಂತಿಗೆ ಬಟ್ಟೆ ಹರವುವುದು, ಎತ್ತರದ ಗೂಡಿನಿಂದ ಪಾತ್ರೆ ತೆಗೆಯುವುದು, ವಾಹನ ಚಲಾಯಿಸುವುದು ಮುಂತಾದ ಕೆಲಸಗಳು ಕೈಬಿಟ್ಟುಹೋಗುತ್ತವೆ. ಒಂಟಿಯಾಗಿ ಹೊರಹೋಗುವ ಧೈರ್ಯ ಕುಂದಿ ಆತಂಕ ಮತ್ತು ಖಿನ್ನತೆ ತಲೆದೋರಬಹುದು. ತಲೆಸುತ್ತುಗಳ ನಡುವಿನ ಅವಧಿಯಲ್ಲೂ ಕೆಲವರಿಗೆ ನಡಿಗೆ ಅಸ್ಥಿರವಾಗಿರುತ್ತದೆ. ಕತ್ತಲಲ್ಲಿ ಕಣ್ಣಿನ ಆಸರೆ ತಪ್ಪುವುದರಿಂದ ಇದು ಹೆಚ್ಚುತ್ತದೆ. ವೃದ್ಧರಲ್ಲಿ ಬೀಳುವಿಕೆ ಮತ್ತು ಮೂಳೆಮುರಿತ ಮುಖ್ಯ ಅಪಾಯಗಳು.

ಈ ಪರಿಣಾಮಗಳನ್ನು ಅಳೆಯಲು 1990ರಲ್ಲಿ ಪ್ರಕಟವಾದ ಡಿಜಿನೆಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ ಎಂಬ ಪ್ರಶ್ನಾವಳಿ ಬಳಕೆಯಲ್ಲಿದೆ. ಇದರ 25 ಪ್ರಶ್ನೆಗಳು ದೈಹಿಕ, ಭಾವನಾತ್ಮಕ ಮತ್ತು ಕಾರ್ಯಸಂಬಂಧಿ ತೊಂದರೆಗಳನ್ನು 0ಯಿಂದ 100 ಅಂಕಗಳಲ್ಲಿ ಸೂಚಿಸುತ್ತವೆ.

ರೋಗನಿರ್ಣಯ

ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ 1952ರಲ್ಲಿ ವಿವರಿಸಿದ ಪರೀಕ್ಷೆಯೇ ಇಂದಿಗೂ ಆಧಾರ. ರೋಗಿಯ ತಲೆಯನ್ನು 45 ಡಿಗ್ರಿ ಪಕ್ಕಕ್ಕೆ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ, ಕಣ್ಣುಗುಡ್ಡೆಗಳ ಅನೈಚ್ಛಿಕ ಚಲನೆಯನ್ನು ಗಮನಿಸಲಾಗುತ್ತದೆ. ಲಕ್ಷಣಗಳು ಸ್ಪಷ್ಟವಿದ್ದಾಗ ಸಾಮಾನ್ಯವಾಗಿ ಸ್ಕ್ಯಾನ್ ಅಗತ್ಯವಿಲ್ಲ. ಆದರೆ ತಲೆಸುತ್ತಿನೊಂದಿಗೆ ಮಾತು ತೊದಲುವುದು, ಎರಡೆರಡಾಗಿ ಕಾಣುವುದು, ಕೈಕಾಲಿನ ಬಲಹೀನತೆ ಅಥವಾ ಹಠಾತ್ ತೀವ್ರ ತಲೆನೋವು ಇದ್ದರೆ ಅದು ಪಾರ್ಶ್ವವಾಯುವಿನ ಸೂಚನೆಯಾಗಿರಬಹುದು. ಅಂಥವರಿಗೆ ತುರ್ತು ಚಿಕಿತ್ಸೆ ಅವಶ್ಯ.

ಚಿಕಿತ್ಸೆ

ಅಮೆರಿಕದ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ತಲೆಯನ್ನು ಕ್ರಮಬದ್ಧವಾಗಿ ತಿರುಗಿಸುತ್ತ ಹರಳುಗಳನ್ನು ಯುಟ್ರಿಕಲ್‌ಗೆ ಮರಳಿಸಲಾಗುತ್ತದೆ. ಕೆಲವೇ ನಿಮಿಷಗಳ ಈ ಕ್ರಮದಿಂದ ಬಹುಪಾಲು ರೋಗಿಗಳು ಒಂದೆರಡು ಬಾರಿಯಲ್ಲೇ ಗುಣಹೊಂದುತ್ತಾರೆ. ಕತ್ತು ಅಥವಾ ಬೆನ್ನಿನ ತೊಂದರೆ ಇರುವವರಿಗೆ ವಿಶೇಷ ಎಚ್ಚರಿಕೆ ಬೇಕು. ತಲೆಸುತ್ತು ತಗ್ಗಿಸುವ ಮಾತ್ರೆಗಳು ಹರಳುಗಳನ್ನು ಸರಿಸಲಾರವು. ಅವುಗಳಲ್ಲಿ ಮಂಪರು ತರುವಂಥವು ವೃದ್ಧರು ಬೀಳುವ ಸಂಭವವನ್ನು ಹೆಚ್ಚಿಸಬಹುದು. ಚಿಕಿತ್ಸೆಯ ಬಳಿಕವೂ ಕೆಲವರಲ್ಲಿ ಲಘು ತೂರಾಟ ಕೆಲವು ದಿನ ಅಥವಾ ವಾರ ಉಳಿಯಬಹುದು. ಸಮತೋಲನದ ವ್ಯಾಯಾಮಗಳು ಆಗ ನೆರವಾಗುತ್ತವೆ. ರೋಗ ಮರುಕಳಿಸುವ ಸಾಧ್ಯತೆಯಿದ್ದು, ಆಗ ಇದೇ ಕ್ರಮವನ್ನು ಪುನರಾವರ್ತಿಸಬಹುದು.