ಭತ್ತ, ಅಕ್ಕಿ, ಅನ್ನ: ಸ್ವಾಹಿಲಿಯೊಳಗೂ ಮೂರ ನೋಡ್ರೆವಾ!

ನಮ್ಮ ಅಕ್ಕನ ಮಗಳು ಗಂಡನ ನೌಕರಿ ಸಲುವಾಗಿ ಟಾಂಜಾನಿಯಾದ ದಾರ್ ಎಸ್ ಸಲಾಮಿಗೆ ಹೋದ ಹೊಸದರಾಗಿನ ಮಾತಿದು. ಹಿಂದಿನ ದಿನ ಖಾನಾವಳಿಯೊಳಗ ಅನ್ನಕ್ಕ 'ವಾಲಿ' ಅಂದದ್ದು ಕೇಳಿದ್ಲು. ಮರುದಿನ ಅಂಗಡಿಗೆ ಹೋಗಿ "ಎರಡು ಕಿಲೋ ವಾಲಿ ಕೊಡ್ರಿ" ಅಂದಾಳ. ಅಂಗಡಿಯವಾ ನಕ್ಕು, "ಇಲ್ಲೆ ಮ್ಚೆಲೆ ಸಿಗತದ, ವಾಲಿ ಬೇಕಾದ್ರ ಖಾನಾವಳಿಗೇ ಹೋಗ್ರಿ" ಅಂದನಂತ.

ಇಂಗ್ಲಿಷಿನ 'ರೈಸ್' ಒಂದ ಶಬ್ದ. ಸ್ವಾಹಿಲಿಯೊಳಗ ಹೊಲದಾಗಿನ ಭತ್ತ 'ಮ್ಪುಂಗ', ಹೊಟ್ಟು ತೆಗೆದ ಅಕ್ಕಿ 'ಮ್ಚೆಲೆ', ಬೆಂದ ಅನ್ನ 'ವಾಲಿ'. ನುಚ್ಚಿಗೆ 'ಚೆಂಗ', ಪಾತ್ರಿ ತಳಾ ಹತ್ತಿದ್ದಕ್ಕ 'ಉಕೋಕೊ'. ನಮ್ಮ ಅಡಿಗಿಮನಿನ ಕಂಡಂಗಾತು ನನಗ!

ಇದಕ್ಕ ಕಾರಣ ಅದ. ಇಂಗ್ಲಂಡಿನ ಹೊಲದಾಗ ಭತ್ತ ಬೆಳೀತಿದ್ದಿಲ್ಲ, ಅದು ಹಡಗಿನ್ಯಾಗ ಬರೋ ಪದಾರ್ಥ. ಅವರಿಗೆ ಒಂದ ಶಬ್ದ ಸಾಕಾತು. 'ಪ್ಯಾಡಿ' ಸುದ್ದಾ ಮಲಾಯಿ ಭಾಷಾದಿಂದ ತಗೊಂಡದ್ದು. ಆಫ್ರಿಕಾದ ಪೂರ್ವ ಕರಾವಳಿಗೆ ಭತ್ತ ಹಿಂದೂ ಮಹಾಸಾಗರ ದಾಟಿ ಏಷ್ಯಾದಿಂದ ಬಂತು, ಅಲ್ಲೇ ಬೇರೂರಿತು. ಪೆಂಬಾ ದ್ವೀಪದಾಗ ನೆಲಾ ಅಗೆದಾಗ ಸುಮಾರು ಸಾವಿರ ವರ್ಷ ಹಿಂದಿನ ಕರಕಾದ ಅಕ್ಕಿಕಾಳು ಸಿಕ್ಕಾವ. ಬೆಳೆದು, ಕುಟ್ಟಿ, ಕೇರಿ, ಬೇಯಿಸೋ ಮಂದಿಗೆ ಹಂತಕ್ಕೊಂದು ಹೆಸರು ಬೇಕಲ್ಲ?

ಸ್ವಿಜರ್ಲೆಂಡಿನ ಬಾಸೆಲ್ ಮಿಶನ್ ಶಾಲೆಯೊಳಗ ಕಲಿತ ಕ್ರಾಪ್ಫ್ ಅನ್ನೋ ಪಾದ್ರಿ 1844ರಾಗ ಮೊಂಬಾಸಾಕ್ಕ ಬಂದು ಸ್ವಾಹಿಲಿ ಕಲಿತ್ರು. ಅವರ ದೊಡ್ಡ ಸ್ವಾಹಿಲಿ ಕೋಶ ಅಚ್ಚಾದದ್ದು 1882ರಾಗ, ಅವರು ತೀರಿಕೊಂಡ ಮರುವರ್ಷ. ಅದ ಬಾಸೆಲ್‌ದಾಗ ಕಲಿತ ಕಿಟೆಲ್ ಸಾಹೇಬ್ರು 1853ರಾಗ ನಮ್ಮ ಧಾರವಾಡಕ್ಕ ಬಂದವರು. ಅವರ ಕನ್ನಡ ಕೋಶ 1894ರಾಗ ಮಂಗಳೂರಾಗ ಅಚ್ಚಾತು. ಇಬ್ಬರೂ ದೊಡ್ಡ ಕೆಲಸಾ ಮಾಡ್ಯಾರ, ಖರೆ. ಆದ್ರ ಭತ್ತ ಯಾವಾಗ ಅಕ್ಕಿ ಆಗತದ, ಅಕ್ಕಿ ಯಾವಾಗ ಅನ್ನ ಆಗತದ ಅನ್ನೋ ಭೇದಾನ ಶಬ್ದದಾಗ ಕಾಯ್ದಿಟ್ಟವರು ಒಳ್ಳು ಒನಕಿ ಹಿಡಿದ ಹೆಂಗಸರು, ಅಲ್ಲೇನು, ಇಲ್ಲೇನು. ಕೋಶದ ಮ್ಯಾಲೆ ಅವರ ಹೆಸರಿಲ್ಲ.

ಈಗ ಒಳ್ಳು ಒನಕಿ ಅಟ್ಟಾ ಸೇರ್ಯಾವ, ಅಕ್ಕಿ ಚೀಲದಾಗ ಬರತದ. ಅವುಗಳ ಹಿಂದ ಶಬ್ದಾನೂ ಹೊಂಟಾವೇನೋ ಅಂತ ನನಗ ಹೆದರಿಕಿ. ಮೊನ್ನೆ ಊಟಕ್ಕ ಕೂತ ಮೊಮ್ಮಗ, "ಅಜ್ಜಿ, ರೈಸ್ ಹಾಕು" ಅಂದ.

"ಭತ್ತ ಹಾಕ್ಲೋ, ಅಕ್ಕಿ ಹಾಕ್ಲೋ, ಅನ್ನಾ ಹಾಕ್ಲೋ?" ಅಂದೆ.

ಕೂಸು ತಾಟು ಬಿಟ್ಟು ನನ್ನ ಮಾರಿ ನೋಡ್ತು. "ಭತ್ತ ಅಂದ್ರ ಏನಜ್ಜಿ?"

ಬರೋ ರವಿವಾರ ಅವನ್ನ ಕಲಘಟಗಿ ಕಡೆ ಗದ್ದಿಗೆ ಕರಕೊಂಡು ಹೊಂಟೀನಿ.