‘ಮತ್ತು ಸಂಗಡಿಗರು’ ಅಂದರೆ ಯಾರು?

ಮಾದಪ್ಪನ ಹಾಡಿನ ಹಳೇ ಕ್ಯಾಸೆಟ್ ಮನೆಯಲ್ಲಿದ್ದರೆ ಅದರ ಹೊದಿಕೆ ನೋಡಿ. ಸಾಮಾನ್ಯವಾಗಿ ಒಬ್ಬ ಗಾಯಕರ ಹೆಸರು ದಪ್ಪಕ್ಷರದಲ್ಲಿರುತ್ತದೆ, ಪಕ್ಕದಲ್ಲಿ ‘ಮತ್ತು ಸಂಗಡಿಗರು’ ಅಂತ ಇರುತ್ತದೆ. ರೇಡಿಯೋದಲ್ಲಿ ನಾವು ಕೇಳಿಕೊಂಡು ಬಂದದ್ದೂ ಇದೇ ಮಾತು. ಅರ್ಧ ಹಾಡು ಹಾಡಿದವರೆಲ್ಲ ಆ ಎರಡು ಪದದೊಳಗೆ ಅಡಗಿ ಹೋಗಿದ್ದಾರೆ.

ಅರ್ಧ ಹಾಡು ಅಂದದ್ದು ಸುಮ್ಮನೆ ಅಲ್ಲ. ಮಾದಪ್ಪ ಸುತ್ತೂರು ಮಠದಲ್ಲಿ ರಾಗಿ ಬೀಸಿ, ನಮ್ಮ ಕುಂತೂರು ಮಠಕ್ಕೆ ಬಂದು, ಆಮೇಲೆ ಎಪ್ಪತ್ತೇಳು ಮಲೆಯ ಕಡೆ ನಡೆದ ಕತೆ ರಾತ್ರಿಯಿಡೀ ಹಾಡಿದರೂ ಮುಗಿಯುವಂಥದ್ದಲ್ಲ. ಒಬ್ಬರ ಗಂಟಲಿಗೆ ಅದು ಆಗದ ಕೆಲಸ. ಕಂಸಾಳೆ ಹಿಡಿದ ದೇವರಗುಡ್ಡರಲ್ಲಿ ಮುಂದಾಳು ಒಂದು ಸಾಲು ಮುಗಿಸುವ ಹೊತ್ತಿಗೆ ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಮುಂದಾಳಿಗೆ ಉಸಿರು ಸಿಗುವುದು, ಮುಂದಿನ ಸಾಲು ನೆನಪಿಗೆ ಬರುವುದು ಆ ಗಳಿಗೆಯಲ್ಲೇ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಲ್ಲೂ ಹಿಮ್ಮೇಳವಿಲ್ಲದೆ ಕತೆ ಸಾಗುವುದಿಲ್ಲ.

ಪುಸ್ತಕಗಳೂ ಇದೇ ದಾರಿ ಹಿಡಿದಿವೆ. ಹೆಬ್ಬಣಿ ಮಾದಯ್ಯನವರು ಹಾಡಿದ ಮಾದೇಶ್ವರ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಮಾಡಿದ ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ತಂದಿತು. ಹಾಡಿದವರು ‘ಹೆಬ್ಬಣಿ ಮಾದಯ್ಯ ಮತ್ತು ತಂಡ’ ಅಂತ ಅದು ಹೇಳುತ್ತದೆ. ತಂಡ ಅನ್ನುವ ಮಾತಾದರೂ ಉಳಿಯಿತಲ್ಲ, ಸಂತೋಷ.

ಇದು ನಮ್ಮ ಕಡೆಯ ರೋಗ ಮಾತ್ರ ಅಲ್ಲ. 1962ರಲ್ಲಿ ಅಮೆರಿಕದಲ್ಲಿ ‘ಹೀ ಈಸ್ ಎ ರೆಬೆಲ್’ ಹಾಡು ‘ಕ್ರಿಸ್ಟಲ್ಸ್’ ತಂಡದ ಹೆಸರಲ್ಲಿ ಬಂತು. ನಿಜವಾಗಿ ಹಾಡಿದವರು ಡಾರ್ಲೀನ್ ಲವ್ ಮತ್ತು ಅವರ ‘ಬ್ಲಾಸಮ್ಸ್’ ತಂಡ. 1972ರಲ್ಲಿ ಕಾರ್ಲಿ ಸೈಮನ್ ಹಾಡಿದ ‘ಯೂ ಆರ್ ಸೋ ವೇನ್’ಗೆ ಹಿಂದಿನಿಂದ ದನಿಗೂಡಿಸಿದವರು ಮಿಕ್ ಜ್ಯಾಗರ್, ತಟ್ಟೆಯ ಮೇಲೆ ಅವರ ಹೆಸರಿರಲಿಲ್ಲ. ಆದರೆ ಜ್ಯಾಗರ್ ದನಿ ಲೋಕಕ್ಕೇ ಗೊತ್ತು, ಕೇಳಿದವರು ಹಿಡಿದುಬಿಟ್ಟರು. ನಮ್ಮ ಹಿಮ್ಮೇಳದವರ ದನಿ ಗೊತ್ತಿರುವುದು ಅವರ ಮನೆಯವರಿಗೆ, ಬೀದಿಯವರಿಗೆ, ಜೊತೆಯಲ್ಲಿ ಹಾಡಿದವರಿಗೆ. ಅವರಿಗೂ ವಯಸ್ಸಾಗುತ್ತಿದೆ.

ಗುರುತಿಸುವುದು ಹೇಗೆ? ಪಾಶ್ಚಾತ್ಯ ಹಾಡಿನಲ್ಲಿ ಹಿಂದಿನವರು ಬೇರೆ ಸ್ವರ ಹಿಡಿಯುತ್ತಾರೆ, ಕಿವಿ ಅದನ್ನು ಬೇರ್ಪಡಿಸುತ್ತದೆ. ನಮ್ಮಲ್ಲಿ ಹೆಚ್ಚಾಗಿ ಒಂದೇ ಧಾಟಿ, ಅದಕ್ಕೇ ಕಷ್ಟ. ಸೊಲ್ಲಿನ ಕೊನೆಗೆ ಕಿವಿಗೊಡಿ. ಮುಂದಾಳು ಉಸಿರು ತೆಗೆದುಕೊಳ್ಳುವ ಆ ಚೂರು ಹೊತ್ತಿನಲ್ಲಿ ಹಿಮ್ಮೇಳದ ದನಿ ಒಂಟಿಯಾಗಿ ಉಳಿಯುತ್ತದೆ. ಒಬ್ಬರು ಎಳೆಯುತ್ತಾರೆ, ಇನ್ನೊಬ್ಬರು ಪಟ್ಟನೆ ನಿಲ್ಲಿಸುತ್ತಾರೆ. ನಡುವೆ ‘ಹ್ಞೂಂ’ ಅನ್ನುವುದೂ ಒಬ್ಬೊಬ್ಬರದು ಒಂದೊಂದು ಥರ. ಟೇಪು ನಿಧಾನವಾಗಿ ಓಡಿದರೆ ಎಲ್ಲರ ದನಿಯೂ ದಪ್ಪವಾಗುತ್ತದೆ, ಮೊದಲು ಅದನ್ನು ಸರಿಮಾಡಿಕೊಳ್ಳಿ. ಹಿರಿಯರಿಗೆ ಕೇಳಿಸುವಾಗ ‘ಇವರು ಇಂಥವರಲ್ಲವಾ ತಾತ?’ ಅಂತ ಹೆಸರು ನೀವೇ ಎತ್ತಿಕೊಡಬೇಡಿ. ಇಬ್ಬರನ್ನು ಬೇರೆಬೇರೆಯಾಗಿ ಕೇಳಿ, ಇಬ್ಬರೂ ಒಂದೇ ಹೆಸರು ಹೇಳಿದರೆ ನಂಬಬಹುದು.

ಇದು ಬರೀ ಹಾಡಿನ ಚಪಲ ಅಂದುಕೊಳ್ಳಬೇಡಿ. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿದರೆ ಇಷ್ಟು ವರ್ಷ ಹಾಡಿದ್ದಕ್ಕೆ ದಾಖಲೆ ಕೇಳುತ್ತಾರೆ. ಮುಂದಾಳಿನ ಹತ್ತಿರ ಹೆಸರಿರುವ ಕ್ಯಾಸೆಟ್ ಇರುತ್ತದೆ. ಹಿಂದೆ ನಿಂತು ಸೊಲ್ಲು ಹಿಡಿದವರು ಏನನ್ನು ತೋರಿಸಬೇಕು?

ಕ್ಯಾಸೆಟ್ ಸಿಕ್ಕರೆ ಮೊದಲು ಮೊಬೈಲಿಗೆ ಇಳಿಸಿಕೊಳ್ಳಿ. ಯಾವ ಬದಿ, ಎಷ್ಟನೇ ನಿಮಿಷ, ದನಿ ಯಾರದು, ಗುರುತು ಹೇಳಿದವರು ಯಾರು ಅಂತ ಒಂದು ಹಾಳೆಯಲ್ಲಿ ಬರೆದು ಆ ಡಬ್ಬಿಯೊಳಗೇ ಮಡಚಿಡಿ.